ಮೈಕ್ರೋಸ್ಕೋಪುಗಳನ್ನು ಗುಜರಿಗೆ ಹಾಕುವ ಮುನ್ನ

ಹೋದ ತಿಂಗಳು ಸಿವಿಲ್ ವಿಭಾಗದ ಜಿಯಾಲಜಿ ಲ್ಯಾಬ್ ಖಾಲಿ ಮಾಡಿದರು. ಆ ಜಾಗಕ್ಕೆ ಎಐ ಲ್ಯಾಬ್ ಬರುತ್ತಂತೆ. ಸಾಮಾನು ಹೊರೋಕೆ ನಾಲ್ಕು ಜನ ಬನ್ನಿ ಅಂತ ಮೇಷ್ಟ್ರು ಕರೆದಾಗ, ಅಟೆಂಡೆನ್ಸ್ ಸಿಗಬಹುದು ಅನ್ನೋ ಆಸೆಗೆ ಸಂಘದಿಂದ ಏಳು ಜನ ಹೋದೆವು. ಕಲ್ಲಿನ ಮಾದರಿಗಳು ಒಂದು ಕಡೆ, ಹರಿದ ಚಾರ್ಟುಗಳು ಇನ್ನೊಂದು ಕಡೆ. ಕೊನೆಯ ಬೀರುವಿನಲ್ಲಿ ಎರಡು ಬೈನಾಕ್ಯುಲರ್ ಮೈಕ್ರೋಸ್ಕೋಪು, ಒಂದು ಮರದ ಡಬ್ಬಿ ಸಿಕ್ಕವು. ಡಬ್ಬಿಯೊಳಗೆ ಬೆರಳುದ್ದದ ಸ್ಲೈಡುಗಳು. ಪ್ರತಿ ಸ್ಲೈಡಿನ ಗುಳಿಯಲ್ಲೂ ಚಿರೋಟಿ ರವೆಯಂಥ ಬಿಳಿ ಕಾಳುಗಳು. ಎಂದೋ ನಿವೃತ್ತರಾದ ಮೇಷ್ಟ್ರೊಬ್ಬರು ಮಾಡಿಟ್ಟದ್ದಂತೆ. ಲೇಬಲ್ ಮೇಲೆ ಪೆನ್ಸಿಲಿನಲ್ಲಿ 'ಫೊರಾಮಿನಿಫೆರಾ, ಅರಬ್ಬಿ ಸಮುದ್ರ' ಅಂತ ಬರೆದಿತ್ತು.

ನಮ್ಮ ಜೊತೆ ಬಂದಿದ್ದ ಸಿಎಸ್ ಹುಡುಗ ಸುಮ್ಮನೆ ಒಂದು ಸ್ಲೈಡ್ ಇಟ್ಟು ನೋಡಿದ. ಐದು ನಿಮಿಷ ತಲೆ ಎತ್ತಲಿಲ್ಲ. "ಲೋ, ಇದು ರವೆ ಅಲ್ಲ ಕಣ್ರೋ, ಶಂಖ!" ಅಂದ. ಸರದಿಯಲ್ಲಿ ನಿಂತು ಎಲ್ಲರೂ ನೋಡಿದೆವು. ಕೆಲವು ದ್ರಾಕ್ಷಿ ಗೊಂಚಲಿನ ಹಾಗೆ ಗುಂಡು ಗುಂಡು ಕೋಣೆಗಳನ್ನು ಅಂಟಿಸಿಕೊಂಡಿದ್ದವು, ಕೆಲವು ಚಕ್ಕುಲಿಯ ಹಾಗೆ ಸುತ್ತಿಕೊಂಡಿದ್ದವು. ಅಷ್ಟರಲ್ಲಿ ಅಟೆಂಡರ್ ಅಣ್ಣ ಬಂದು, "ನೋಡಿದ್ದು ಸಾಕು, ಅವೆರಡೂ ಸ್ಕ್ರ್ಯಾಪ್ ಲಿಸ್ಟಲ್ಲಿವೆ, ಬೇಗ ಎತ್ರಪ್ಪಾ" ಅಂದರು.

ಈ ಲೇಖನ ಆ ಲಿಸ್ಟಿನ ಬಗ್ಗೆ. ಎಐ ಲ್ಯಾಬ್ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮಲ್ಲಿ ಅರ್ಧ ಜನ ಅದಕ್ಕೇ ಕಾಯ್ತಾ ಇದ್ದೇವೆ. ನಾವು ಹೇಳುವುದು ಇಷ್ಟೇ: ಆ ಎರಡು ಮೈಕ್ರೋಸ್ಕೋಪು ಮತ್ತು ಆ ಡಬ್ಬಿ ಗುಜರಿಗೆ ಹೋಗಬಾರದು, ಎಐ ಲ್ಯಾಬಿನ ಒಳಗೇ ಇರಬೇಕು. ಯಾಕೆ ಅನ್ನುವುದಕ್ಕೆ ಮೊದಲು ಆ ರವೆ ಏನು ಅಂತ ತಿಳಿಯಬೇಕು. ಆ ದಿನ ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡೆವು.

ಕೆಸರಿನ ಡೈರಿ

ಫೊರಾಮಿನಿಫೆರಾ ಅಂದರೆ ಒಂದೇ ಜೀವಕೋಶದ ಸಮುದ್ರಜೀವಿ. ಬಹುತೇಕ ಜಾತಿಗಳು ಒಂದು ಮಿಲಿಮೀಟರಿಗಿಂತ ಚಿಕ್ಕವು. ಹೆಚ್ಚಿನವು ಸಮುದ್ರದ ನೀರಿನಿಂದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ತೆಗೆದುಕೊಂಡು ಮೈಸುತ್ತ ಚಿಪ್ಪು ಕಟ್ಟಿಕೊಳ್ಳುತ್ತವೆ. ಕೆಲವು ಜಾತಿಗಳು ನೀರಿನ ಮೇಲ್ಪದರದಲ್ಲಿ ತೇಲುತ್ತವೆ, ಸಾವಿರಾರು ಜಾತಿಗಳು ಕಡಲ ತಳದಲ್ಲಿ ಬದುಕುತ್ತವೆ. ತೇಲುವವುಗಳ ಆಯುಷ್ಯ ಕೆಲವೇ ವಾರ. ಸತ್ತ ಮೇಲೆ ಚಿಪ್ಪು ಕೆಳಗೆ ಇಳಿದು ಕೆಸರಿನಲ್ಲಿ ಕೂರುತ್ತದೆ. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಬೆರಳೆಣಿಕೆಯ ಸೆಂಟಿಮೀಟರ್ ಕೆಸರು ಕೂರುತ್ತದೆ. ದಂಡೆಯ ಹತ್ತಿರ ಇದಕ್ಕಿಂತ ಬೇಗ. ಉದ್ದದ ಪೈಪ್ ಇಳಿಸಿ ಆ ಕೆಸರನ್ನು ಕಂಬದ ಹಾಗೆ ಮೇಲೆತ್ತಿದರೆ, ಮೇಲಿನ ತುದಿ ಇಂದಿನದು, ಕೆಳಗೆ ಹೋದಷ್ಟೂ ಹಳೆಯದು. ಚಿಪ್ಪಿನ ರೇಡಿಯೋಕಾರ್ಬನ್ ಅಳೆದು ಸುಮಾರು 40-50 ಸಾವಿರ ವರ್ಷದವರೆಗೆ ಪದರದ ವಯಸ್ಸು ಹೇಳಬಹುದು. ಅದಕ್ಕೂ ಹಳೆಯದಕ್ಕೆ ಬೇರೆ ದಾರಿಗಳಿವೆ.

ಮುಂದಿನ ಕೆಲಸ ನೋಡಿದರೆ ಸಿವಿಲ್‌ನವರಿಗೆ ನಗು ಬರಬಹುದು. ಕೆಸರನ್ನು ತೊಳೆದು, ಒಣಗಿಸಿ, ಜರಡಿ ಹಿಡಿಯುತ್ತಾರೆ. ಸಾಯಿಲ್ ಲ್ಯಾಬಿನಲ್ಲಿ ಬೈದುಕೊಂಡು ಅಲ್ಲಾಡಿಸುತ್ತೀವಲ್ಲ, ಅದೇ 150 ಮೈಕ್ರಾನ್ ಜರಡಿ ಇಲ್ಲೂ ಬಳಕೆಯಲ್ಲಿದೆ. ನಾವು ಮರಳಿನ ತೂಕ ಬರೆದುಕೊಂಡು ಚೆಲ್ಲುತ್ತೇವೆ. ಇವರು ಮೇಲೆ ಉಳಿದದ್ದನ್ನು ಮೈಕ್ರೋಸ್ಕೋಪಿನ ಕೆಳಗೆ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿ, ಯಾವ ಜಾತಿ ಎಷ್ಟು ಅಂತ ಎಣಿಸುತ್ತಾರೆ. ಒಂದು ಮಾದರಿಗೆ ಮುನ್ನೂರು ಚಿಪ್ಪಾದರೂ ಎಣಿಸುವುದು ವಾಡಿಕೆ. ಒಂದು ಕಂಬದಲ್ಲಿ ಇಂಥ ನೂರಾರು ಮಾದರಿ ಇರುತ್ತವೆ.

ಎಣಿಸಿದರೆ ಏನು ಗೊತ್ತಾಗುತ್ತದೆ? ಒಂದೊಂದು ಜಾತಿಗೂ ಒಂದೊಂದು ಬಗೆಯ ನೀರು ಇಷ್ಟ. ತಂಪು ನೀರಿನವು ಇವೆ, ಬೆಚ್ಚನೆ ನೀರಿನವು ಇವೆ, ಉಪ್ಪು ಕಮ್ಮಿಯಾದರೂ ಬದುಕುವವು ಇವೆ. ಪದರದಲ್ಲಿ ಯಾರು ಹೆಚ್ಚು ಅಂತ ಗೊತ್ತಾದರೆ ಆ ಕಾಲದ ನೀರು ಹೇಗಿತ್ತು ಅಂತ ಊಹಿಸಬಹುದು.

ಇನ್ನೊಂದು ದಾರಿ ಚಿಪ್ಪಿನ ರಸಾಯನ. ನೀರು ಬೆಚ್ಚಗಿದ್ದಷ್ಟೂ ಚಿಪ್ಪು ಹೆಚ್ಚು ಮೆಗ್ನೀಸಿಯಂ ಸೇರಿಸಿಕೊಳ್ಳುತ್ತದೆ. ಪಲ್ಲವಿ ಆನಂದ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಮೆಗ್ನೀಸಿಯಂ–ಕ್ಯಾಲ್ಸಿಯಂ ಅನುಪಾತವು ತಾಪಮಾನದ ಜೊತೆ ಎಕ್ಸ್‌ಪೊನೆನ್ಷಿಯಲ್ ಆಗಿ ಏರುತ್ತದೆ. ಗುಣಕ 0.38, ಘಾತದಲ್ಲಿ 0.09 ಸಲ ತಾಪಮಾನ. ಕ್ಯಾಲ್ಕ್ಯುಲೇಟರ್ ತೆಗೆದು ಹಾಕಿ ನೋಡಿ: 25 ಡಿಗ್ರಿಗೆ ಸುಮಾರು 3.6, 28 ಡಿಗ್ರಿಗೆ ಸುಮಾರು 4.7, ಎರಡೂ ಒಂದು ಮೋಲ್‌ಗೆ ಇಷ್ಟು ಮಿಲಿಮೋಲ್ ಲೆಕ್ಕದಲ್ಲಿ. ತಿರುಗಿಸಿ ಬಿಡಿಸಿದರೆ ರವೆಕಾಳೇ ಥರ್ಮಾಮೀಟರ್.

ಒಂದು ಸಮೀಕರಣ, ಎರಡು ಅಜ್ಞಾತ

ಇದೆಲ್ಲ ಒಂದೇ ಏಟಿಗೆ ಸರಿಯಾಗಿ ಬಂದದ್ದಲ್ಲ. ಅದು ಎಡವಿದ ಕಥೆಯೇ ನಮಗೆ ಹೆಚ್ಚು ಇಷ್ಟವಾಯಿತು.

ಆಕ್ಸಿಜನ್‌ನಲ್ಲಿ 16 ಮತ್ತು 18 ಅನ್ನುವ ಎರಡು ಐಸೋಟೋಪ್ ಮುಖ್ಯ. ನೀರು ತಣ್ಣಗಾದಷ್ಟೂ ಕಾರ್ಬೊನೇಟಿನಲ್ಲಿ ಭಾರದ 18 ಹೆಚ್ಚು ಸೇರುತ್ತದೆ ಅನ್ನುವ ಲೆಕ್ಕವನ್ನು ಹೆರಾಲ್ಡ್ ಯೂರಿ 1947ರಲ್ಲಿ ಮುಂದಿಟ್ಟರು. ಷಿಕಾಗೋದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಚೆಸಾರೆ ಎಮಿಲಿಯಾನಿ ಫೊರಾಮಿನಿಫೆರಾ ಚಿಪ್ಪುಗಳನ್ನು ಅಳೆದು 1955ರಲ್ಲಿ ಹಿಮಯುಗಗಳ ಸಮುದ್ರದ ತಾಪಮಾನದ ಏರಿಳಿತ ಬರೆದರು. ಆದರೆ ಒಂದು ತೊಡಕಿತ್ತು. ಹಿಮಯುಗದಲ್ಲಿ ಹಗುರ ಆಕ್ಸಿಜನ್ ಇರುವ ನೀರು ಹೆಚ್ಚಾಗಿ ಆವಿಯಾಗಿ, ಹಿಮವಾಗಿ ನೆಲದ ಮೇಲೆ ಕೂತುಬಿಡುತ್ತದೆ. ಸಮುದ್ರದಲ್ಲಿ ಭಾರದ ಆಕ್ಸಿಜನ್ನಿನ ಪಾಲು ಏರುತ್ತದೆ. ಅಂದರೆ ಚಳಿಯೂ ಚಿಪ್ಪನ್ನು ಭಾರ ಮಾಡುತ್ತದೆ, ನೆಲದ ಮೇಲಿನ ಹಿಮವೂ ಭಾರ ಮಾಡುತ್ತದೆ. ಸಮೀಕರಣ ಒಂದು, ಅಜ್ಞಾತ ಎರಡು. ಎಮಿಲಿಯಾನಿ ಬಹುಪಾಲನ್ನು ತಾಪಮಾನದ ಲೆಕ್ಕಕ್ಕೆ ಬರೆದಿದ್ದರು.

1967ರಲ್ಲಿ ನಿಕೋಲಸ್ ಶಾಕಲ್ಟನ್ ಇದನ್ನು ಬಿಡಿಸಿದ ರೀತಿ ನೋಡಿ. ತೇಲುವ ಚಿಪ್ಪು ಬಿಟ್ಟು ತಳದಲ್ಲಿ ಬದುಕುವ ಚಿಪ್ಪು ತೆಗೆದುಕೊಂಡರು. ಆಳದ ನೀರು ಈಗಲೇ ಹೆಪ್ಪುಗಟ್ಟುವ ಹತ್ತಿರ ಇದೆ, ಹಿಮಯುಗದಲ್ಲಿ ಇನ್ನೆಷ್ಟು ತಣ್ಣಗಾಗಲು ಸಾಧ್ಯ? ಆದರೂ ಅಲ್ಲಿನ ಚಿಪ್ಪು ಸುಮಾರು ಅಷ್ಟೇ ಏರಿಳಿತ ತೋರಿಸಿತು. ಹಾಗಾದರೆ ಬಹುಪಾಲು ಹಿಮದ್ದು. ಒಂದು ಅಜ್ಞಾತವನ್ನು ಬಹುತೇಕ ಸ್ಥಿರವಾಗಿಟ್ಟು ಇನ್ನೊಂದನ್ನು ಹಿಡಿಯುವುದು, ಲ್ಯಾಬಿನಲ್ಲಿ ನಮಗೆ ಹೇಳಿಕೊಡುವುದೂ ಅದೇ ತಾನೇ?

ಇಲ್ಲಿಂದ ಕಥೆ ನಮ್ಮ ಸಾಗರಕ್ಕೆ ಬರುತ್ತದೆ. 1976ರ ಡಿಸೆಂಬರ್‌ನಲ್ಲಿ ಜೇಮ್ಸ್ ಹೇಸ್, ಜಾನ್ ಇಂಬ್ರಿ, ಶಾಕಲ್ಟನ್ ಮೂವರೂ ಸೇರಿ ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೆಸರು ಕಂಬಗಳಿಂದ ಸುಮಾರು ನಾಲ್ಕೂವರೆ ಲಕ್ಷ ವರ್ಷಗಳ ದಾಖಲೆ ಕಟ್ಟಿದರು. ಫೊರಾಮಿನಿಫೆರಾದ ಐಸೋಟೋಪ್ ಜೊತೆ ರೇಡಿಯೊಲೇರಿಯಾ ಅನ್ನುವ ಗಾಜಿನಂಥ ಸಿಲಿಕಾ ಚಿಪ್ಪಿನ ಜೀವಿಗಳನ್ನೂ ಎಣಿಸಿದ್ದರು. ಆಮೇಲೆ ಮಾಡಿದ್ದು ಇಸಿ ಹುಡುಗರ ಕೆಲಸ, ಸ್ಪೆಕ್ಟ್ರಲ್ ಅನಾಲಿಸಿಸ್. ಸಿಗ್ನಲ್ಲಿನಲ್ಲಿ ಪೀಕುಗಳು ಎದ್ದವು: ಒಂದು ಲಕ್ಷ ವರ್ಷ, 43,000 ವರ್ಷ, 24,000 ಮತ್ತು 19,000 ವರ್ಷ. ಭೂಮಿಯ ಕಕ್ಷೆ, ಅಕ್ಷದ ಓಲು, ಅಕ್ಷದ ಬುಗುರಿಯಾಟ ಇವುಗಳ ಆವರ್ತಗಳೂ ಇವೇ. ಹಿಮಯುಗಗಳಿಗೆ ತಾಳ ಹಾಕುವುದು ಭೂಮಿಯ ಕಕ್ಷೆ ಅಂತ ದಶಕಗಳ ಹಿಂದೆಯೇ ಕೈಯಲ್ಲಿ ಲೆಕ್ಕ ಮಾಡಿದ್ದವರು ಮಿಲುಟಿನ್ ಮಿಲಾಂಕೊವಿಚ್. ಅವರು ಓದಿದ್ದು ಏನು ಗೊತ್ತೇ? ಸಿವಿಲ್ ಎಂಜಿನಿಯರಿಂಗ್. ಕಾಂಕ್ರೀಟ್ ಕಟ್ಟಡ, ಸೇತುವೆಗಳ ಕೆಲಸ ಮಾಡಿ ಆಮೇಲೆ ಈ ಲೆಕ್ಕಕ್ಕೆ ಬಂದವರು. 1958ರಲ್ಲಿ ತೀರಿಕೊಂಡರು. ಅವರ ಲೆಕ್ಕಕ್ಕೆ ಗಟ್ಟಿ ಪುರಾವೆ ಹದಿನೆಂಟು ವರ್ಷದ ನಂತರ ರವೆಯಂಥ ಚಿಪ್ಪುಗಳಿಂದ ಬಂತು.

ನಮ್ಮ ಮುಂಗಾರಿನ ಕಡತ

ಹಿಮಯುಗ ನಮಗೆ ದೂರದ ಮಾತು ಅನ್ನಬಹುದು. ಮುಂಗಾರು ದೂರದ್ದಲ್ಲವಲ್ಲ.

ಜೂನ್ ಬಂತೆಂದರೆ ಅರಬ್ಬಿ ಸಮುದ್ರದ ಮೇಲೆ ನೈಋತ್ಯದ ಗಾಳಿ ಜೋರಾಗಿ ಬೀಸುತ್ತದೆ. ಆ ಗಾಳಿ ಸೊಮಾಲಿಯಾ, ಒಮಾನ್ ದಂಡೆಯ ಮೇಲ್ಪದರದ ನೀರನ್ನು ದಂಡೆಯಿಂದಾಚೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಉಕ್ಕಿ ಬರುತ್ತದೆ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಅನ್ನುವ ಫೊರಾಮಿನಿಫೆರಾ ಸಾಮಾನ್ಯವಾಗಿ ತಂಪು ಸಮುದ್ರದ್ದು. ಉಷ್ಣವಲಯದ ಈ ಜಾಗದಲ್ಲಿ ಅದು ಮುಂಗಾರಿನ ಉಕ್ಕುನೀರಿನಲ್ಲಿ ಮಾತ್ರ ಹುಲುಸಾಗಿ ಬೆಳೆಯುತ್ತದೆ. ಹಾಗಾಗಿ ಒಂದು ಪದರದಲ್ಲಿ ಬುಲ್ಲಾಯ್ಡಿಸ್ ಪಾಲು ಹೆಚ್ಚಿದ್ದರೆ ಆ ಕಾಲದ ಮುಂಗಾರು ಗಾಳಿ ಜೋರಾಗಿತ್ತು ಅಂತ ಓದಬಹುದು.

ಖರಗ್‌ಪುರ ಐಐಟಿಯ ಅನಿಲ್ ಗುಪ್ತ, ಅಮೆರಿಕದ ಡೇವಿಡ್ ಆಂಡರ್ಸನ್ ಮತ್ತು ಜೊನಾಥನ್ ಓವರ್‌ಪೆಕ್ ಒಮಾನ್ ದಂಡೆಯಾಚೆಯ ಕೆಸರಿನಲ್ಲಿ ಇದೇ ಎಣಿಕೆ ಮಾಡಿ 2003ರಲ್ಲಿ ಪ್ರಕಟಿಸಿದರು. ಕಳೆದ ಹತ್ತು-ಹನ್ನೊಂದು ಸಾವಿರ ವರ್ಷಗಳಲ್ಲಿ ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲಗಳಲ್ಲೇ ನಮ್ಮ ಮುಂಗಾರೂ ಸೊರಗಿದೆ ಅನ್ನುವುದು ಅವರಿಗೆ ಕಂಡದ್ದು. ಅದೇ ವರ್ಷ ಮೈಕಲ್ ಸ್ಟಾಬ್‌ವಾಸರ್ ಮತ್ತು ಸಂಗಡಿಗರು ಸಿಂಧೂ ನದೀಮುಖದಾಚೆಯ ಕೆಸರಿನ ಚಿಪ್ಪುಗಳ ಐಸೋಟೋಪ್ ನೋಡಿ, ಸುಮಾರು 4,200 ವರ್ಷಗಳ ಹಿಂದೆ ಸಿಂಧೂ ನದಿ ಹೊತ್ತು ತರುವ ಸಿಹಿನೀರು ಕಡಿಮೆಯಾಯಿತು ಎಂದರು. ಹರಪ್ಪದ ನಗರಗಳು ಕರಗತೊಡಗಿದ್ದೂ ಆ ಕಾಲದ ಆಸುಪಾಸಿನಲ್ಲೇ. ಬರವೊಂದೇ ಕಾರಣವೇ ಅನ್ನುವುದು ಬೇರೆ ಚರ್ಚೆ. ಆದರೆ ಆ ಚರ್ಚೆಗೆ ಕೂರುವ ಯಾರೂ ಈ ಚಿಪ್ಪುಗಳನ್ನು ಬಿಟ್ಟು ಮಾತಾಡುವ ಹಾಗಿಲ್ಲ.

ನಮ್ಮ ಮನೆ ಬಾಗಿಲಲ್ಲೂ ಒಂದು ಕಡತವಿದೆ. ಕಾಳಿ ನದಿ ಕಾರವಾರದಲ್ಲಿ ಕಡಲು ಸೇರುತ್ತದೆ. ಘಟ್ಟದಲ್ಲಿ ಮಳೆ ಹೆಚ್ಚಿದರೆ ನದೀಮುಖದಾಚೆ ನೀರಿನ ಉಪ್ಪು ಇಳಿಯುತ್ತದೆ, ತಳದ ಫೊರಾಮಿನಿಫೆರಾಗಳಲ್ಲಿ ವ್ಯತ್ಯಾಸವಾಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾರವಾರದಾಚೆಯ ಕೆಸರಿನಲ್ಲಿ ಇದನ್ನು ಓದಿ, ಬರಗಳಿಗೆ ಸುಮಾರು 77 ವರ್ಷದ ಆವರ್ತವೊಂದು ಕಾಣುತ್ತದೆ ಅಂತ 1995ರಲ್ಲಿ ಬರೆದರು. ಒಂದು ಜಾಗದ ಕೆಸರಿನಿಂದ ಬಂದ ಮಾತನ್ನು ಇನ್ನೂ ಹತ್ತು ಜಾಗದಲ್ಲಿ ಪರೀಕ್ಷಿಸಬೇಕು, ಒಪ್ಪುತ್ತೇವೆ. ಕಾರವಾರಕ್ಕೆ ಟ್ರಿಪ್ ಹೋಗಿ ಬೀಚಿನಲ್ಲಿ ಫೋಟೋ ತೆಗೆದುಕೊಂಡು ಬಂದ ನಮಗೆ ಯಾರಿಗೂ ಆ ಕೆಸರಿನಲ್ಲಿ ಮಳೆಯ ಲೆಕ್ಕ ಇದೆ ಅನ್ನೋದು ಗೊತ್ತಿರಲಿಲ್ಲ, ಅಷ್ಟೇ.

ಎಂಜಿನಿಯರ್‌ಗೆ ಇದ್ಯಾಕೆ?

ಹೈಡ್ರಾಲಜಿ ಪೇಪರಿನಲ್ಲಿ ಪ್ರತಿ ಸೆಮ್ ಬರುವ ಪ್ರಶ್ನೆ ನೆನಪಿದೆಯಾ? ಮೂವತ್ತೋ ನಲವತ್ತೋ ವರ್ಷದ ಗರಿಷ್ಠ ಪ್ರವಾಹದ ಪಟ್ಟಿ ಕೊಡುತ್ತಾರೆ. ಸರಾಸರಿ ತೆಗೆ, ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆ, ಗಂಬೆಲ್ ಹಾಕು, ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಹೇಳು. ಹತ್ತು ಮಾರ್ಕ್ಸ್. ನಾಳೆ ನಾವು ಇದೇ ಲೆಕ್ಕದಿಂದ ಸೇತುವೆ, ಮೋರಿ, ರಾಜಕಾಲುವೆ ಕಟ್ಟುತ್ತೇವೆ.

ಈ ಲೆಕ್ಕದ ಒಳಗೆ ಒಂದು ನಂಬಿಕೆ ಅಡಗಿದೆ. ನಲವತ್ತು ವರ್ಷದಲ್ಲಿ ಮಳೆ ಹೇಗೆ ವರ್ತಿಸಿತೋ ಮುಂದೆಯೂ ಅದೇ ಮಿತಿಯೊಳಗೆ ವರ್ತಿಸುತ್ತದೆ ಅನ್ನುವ ನಂಬಿಕೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅಂದರೆ ದೇಶದ ವ್ಯವಸ್ಥಿತ ಮಳೆ ದಾಖಲೆ ಎಳೆದಾಡಿದರೂ ನೂರೈವತ್ತು ವರ್ಷದ ಆಸುಪಾಸು. ಕಾರವಾರದ 77 ವರ್ಷದ ಆವರ್ತ ನಿಜವಾಗಿದ್ದರೆ, ನಲವತ್ತು ವರ್ಷದ ಪಟ್ಟಿಗೆ ಅದರ ಅರ್ಧ ಮಾತ್ರ ಕಾಣುತ್ತದೆ. ಒಳ್ಳೆಯ ಅರ್ಧವೋ ಕೆಟ್ಟ ಅರ್ಧವೋ, ಪಟ್ಟಿ ನೋಡಿ ಹೇಳಲಾಗದು. 2008ರಲ್ಲಿ ಜಲವಿಜ್ಞಾನಿಗಳ ತಂಡವೊಂದು 'ಸೈನ್ಸ್' ಪತ್ರಿಕೆಯಲ್ಲಿ ಸ್ಥಿರತೆ ಅನ್ನುವ ಈ ಊಹೆ ಸತ್ತಿದೆ ಅಂತ ನೇರವಾಗಿಯೇ ಬರೆಯಿತು. ನಮ್ಮ ಪ್ರಶ್ನೆಪತ್ರಿಕೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಂತ ಚಿಪ್ಪು ಎಣಿಸಿ ಮೋರಿಯ ಅಗಲ ಹೇಳಬಹುದು ಅಂತ ನಾವು ಬುರುಡೆ ಬಿಡುವುದಿಲ್ಲ. ಒಮಾನ್ ದಂಡೆಯ ಬುಲ್ಲಾಯ್ಡಿಸ್ ಹೇಳುವುದು ಗಾಳಿಯ ಕಥೆ, ಶಿರಸಿಯಲ್ಲಿ ಬಿದ್ದ ಮಳೆಯ ಕಥೆಯಲ್ಲ. ತಳದ ಹುಳುಗಳು ಕೆಸರನ್ನು ಕಲಕಿ ಪದರಗಳನ್ನು ಬೆರೆಸುತ್ತವೆ. ಆಳ ಹೆಚ್ಚಾದರೆ ಚಿಪ್ಪೇ ಕರಗಿಹೋಗುತ್ತದೆ. ವಯಸ್ಸಿನ ಲೆಕ್ಕದಲ್ಲೂ ಹೆಚ್ಚುಕಮ್ಮಿ ಇರುತ್ತದೆ. ಒಂದು ದಿನದ ಕುಂಭದ್ರೋಣ ಮಳೆ ಇದರಲ್ಲಿ ಸಿಗುವುದೇ ಇಲ್ಲ. ಸಿಗುವುದು ಮುಂಗಾರು ಎಷ್ಟು ದೂರ ಹೋಗಬಲ್ಲದು, ಎಷ್ಟು ಬೇಗ ತಿರುಗಬಲ್ಲದು ಅನ್ನುವ ಹರವು. ನೂರು ವರ್ಷಕ್ಕೆ ನಿಲ್ಲಬೇಕಾದ ಅಣೆಕಟ್ಟು ಕಟ್ಟುವವನಿಗೆ ಆ ಹರವು ಗೊತ್ತಿರಬೇಡವೇ? ಹವಾಮಾನ ಮಾಡೆಲ್‌ಗಳನ್ನು ಪರೀಕ್ಷಿಸುವುದೂ ಹೀಗೆಯೇ. ಮುಂದಿನ ನೂರು ವರ್ಷ ಹೇಳುವ ಮಾಡೆಲ್, ಹಿಂದಿನ ಹತ್ತು ಸಾವಿರ ವರ್ಷವನ್ನು ಸರಿಯಾಗಿ ಹೇಳುತ್ತದಾ ನೋಡಬೇಕಲ್ಲ? ಉತ್ತರಪತ್ರಿಕೆ ಕೆಸರಿನಲ್ಲಿದೆ.

ಎಐ ಮಾಡಲ್ವಾ?

ಮಾಡುತ್ತದೆ. 2019ರಲ್ಲಿ 'ಎಂಡ್‌ಲೆಸ್ ಫೊರಾಮ್ಸ್' ಅನ್ನುವ ಮುಕ್ತ ಚಿತ್ರಸಂಗ್ರಹ ಹೊರಬಂತು. ತೇಲುವ ಫೊರಾಮಿನಿಫೆರಾಗಳ 34,000ಕ್ಕೂ ಹೆಚ್ಚು ಫೋಟೋಗಳು. ಅದರ ಮೇಲೆ ತರಬೇತಾದ ನ್ಯೂರಲ್ ನೆಟ್‌ವರ್ಕ್ ಸುಮಾರು 87 ಶೇಕಡಾ ಸರಿಯಾಗಿ ಜಾತಿ ಗುರುತಿಸಿತು. ಕೂತು ಕೂತು ಕುತ್ತಿಗೆ ನೋಯಿಸಿಕೊಂಡು ಎಣಿಸುವವರಿಗೆ ಇದು ದೊಡ್ಡ ಸಹಾಯ, ಸಂಶಯವೇ ಇಲ್ಲ.

ಆದರೆ ಆ ಫೋಟೋಗಳಿಗೆ ಹೆಸರು ಕೊಟ್ಟವರು ಯಾರು? ವರ್ಷಗಟ್ಟಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಪಳಗಿದ ತಜ್ಞರು. ಒಂದೇ ಚಿಪ್ಪನ್ನು ಒಬ್ಬರಿಗಿಂತ ಹೆಚ್ಚು ಜನ ನೋಡಿ, ಒಪ್ಪಿಗೆಯಾದದ್ದನ್ನು ಮಾತ್ರ ಉಳಿಸಿಕೊಂಡರು. ಅದೂ ಅಲ್ಲದೆ ಆ ಸಂಗ್ರಹ ಇಂದು ಬದುಕಿರುವ ಜಾತಿಗಳದ್ದು. ಮುರಿದ ಚಿಪ್ಪು, ಅರ್ಧ ಕರಗಿದ ಚಿಪ್ಪು, ಲಕ್ಷಾಂತರ ವರ್ಷದ ಹಿಂದೆ ಅಳಿದುಹೋದ ಜಾತಿ ಎದುರಾದರೆ ಮಾಡೆಲ್ ತನಗೆ ಗೊತ್ತಿರುವ ಯಾವುದೋ ಒಂದು ಹೆಸರನ್ನು ಆತ್ಮವಿಶ್ವಾಸದಿಂದಲೇ ಹೇಳಿಬಿಡುತ್ತದೆ. ವೈವಾದಲ್ಲಿ ನಾವು ಮಾಡುವ ಹಾಗೆ. ತಪ್ಪು ಅಂತ ಹಿಡಿಯಲು ಎದುರಿಗೆ ಗೊತ್ತಿರುವವರು ಒಬ್ಬರು ಕೂತಿರಬೇಕು. ಮೈಕ್ರೋಸ್ಕೋಪು ಗುಜರಿಗೆ ಹೋದರೆ ಹಾಗೆ ಕೂರುವವರು ಎಲ್ಲಿಂದ ಬರುತ್ತಾರೆ?

ಇನ್ನೊಂದು ಮಾತು. ಕಡಲತಳ ಕೊರೆಯುತ್ತಿದ್ದ ಜಾಯ್ಡಿಸ್ ರೆಸಲ್ಯೂಷನ್ ಹಡಗು 2015ರಲ್ಲಿ ಮುಂಗಾರಿನ ಇತಿಹಾಸ ಹುಡುಕಿಕೊಂಡು ಅರಬ್ಬಿ ಸಮುದ್ರಕ್ಕೂ ಬಂದಿತ್ತು. 2024ರಲ್ಲಿ ಅದರ ವೈಜ್ಞಾನಿಕ ಯಾನಗಳು ನಿಂತವು. ಹಡಗು ನಿಂತರೂ ಎತ್ತಿದ ಕೆಸರು ಉಳಿದಿದೆ. ಹಿಂದೂ ಮಹಾಸಾಗರದ ಕಂಬಗಳನ್ನು ಜಪಾನಿನ ಕೋಚಿಯಲ್ಲಿ ತಂಪಾಗಿ ಕಾಪಿಟ್ಟಿದ್ದಾರೆ. ಕೇರಳದ ಕೊಚ್ಚಿ ಅಲ್ಲ, ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಹೊಸ ಕೆಸರು ಸಿಗುವುದು ಕಷ್ಟವಾದಷ್ಟೂ ಇರುವುದನ್ನು ಚೆನ್ನಾಗಿ ಓದುವವರ ಬೆಲೆ ಏರುತ್ತದೆ. ಕಣ್ಣು, ಕೋಡ್ ಎರಡೂ ಗೊತ್ತಿರುವವರು ಬೇಕಾಗುತ್ತದೆ.

"ಪ್ಲೇಸ್‌ಮೆಂಟ್‌ಗೆ ಇದರಿಂದ ಏನು ಉಪಯೋಗ?" ಅಂತ ನಮ್ಮ ಸೀನಿಯರ್ ಅಕ್ಕ ಒಬ್ಬರು ನೇರವಾಗಿ ಕೇಳಿದರು. ನೇರವಾಗಿಯೇ ಹೇಳುತ್ತೇವೆ ಅಕ್ಕಾ, ಫೊರಾಮಿನಿಫೆರಾ ಎಣಿಸಲು ಬರುತ್ತದೆ ಅಂತ ಯಾವ ಸಾಫ್ಟ್‌ವೇರ್ ಕಂಪನಿಯೂ ಕೆಲಸ ಕೊಡುವುದಿಲ್ಲ. ತೈಲ ಹುಡುಕುವವರು ಪದರಗಳ ವಯಸ್ಸು ಗುರುತಿಸಲು ಇವನ್ನು ಬಳಸುತ್ತಾರೆ, ಆದರೆ ಅಲ್ಲಿ ಸೀಟುಗಳು ಎಣಿಕೆಯವು. ಆದರೂ ಡೌನ್‌ಲೋಡ್ ಮಾಡಿದ ಡೇಟಾಸೆಟ್ ಮೇಲೆ ಎಲ್ಲರೂ ಮಾಡುವ ಅದೇ ನಾಯಿ-ಬೆಕ್ಕು ಪ್ರಾಜೆಕ್ಟಿಗಿಂತ, ಸ್ವಂತ ಕೈಯಿಂದ ಲೇಬಲ್ ಮಾಡಿದ ಇನ್ನೂರು ಚಿಪ್ಪಿನ ಪ್ರಾಜೆಕ್ಟ್ ನಮಗೆ ಹೆಚ್ಚು ಕಲಿಸುತ್ತದೆ. ಒಂದೇ ಚಿಪ್ಪಿಗೆ ಇಬ್ಬರು ಎರಡು ಹೆಸರು ಬರೆದು ಜಗಳವಾಡಿದಾಗಲೇ 'ಗ್ರೌಂಡ್ ಟ್ರೂತ್' ಅನ್ನೋದು ಎಷ್ಟು ಕಷ್ಟದ್ದು ಅಂತ ಗೊತ್ತಾಗೋದು.

ಆದ್ದರಿಂದ ಕಾಲೇಜಿನವರಲ್ಲಿ ನಮ್ಮ ಬೇಡಿಕೆ ಮೂರೇ. ಒಂದು, ಸ್ಕ್ರ್ಯಾಪ್ ಲಿಸ್ಟಿನಿಂದ ಆ ಎರಡು ಮೈಕ್ರೋಸ್ಕೋಪುಗಳ ಹೆಸರು ತೆಗೆಯಿರಿ, ಎಐ ಲ್ಯಾಬಿನ ಒಂದು ಮೂಲೆಯಲ್ಲಿ ಒಂದು ಟೇಬಲ್ ಕೊಡಿ. ಎರಡು, ಜಿಯಾಲಜಿ ಲ್ಯಾಬಿನ ಅವಧಿಗಳಲ್ಲಿ ಒಂದನ್ನು ಇದಕ್ಕೆ ಬಿಡಿ: ಜರಡಿ, ಕುಂಚ, ಎಣಿಕೆ. ಮೂರು, ಸಿವಿಲ್ ಮತ್ತು ಸಿಎಸ್ ಸೇರಿ ಮಾಡುವ ಮಿನಿ ಪ್ರಾಜೆಕ್ಟಿಗೆ ಒಪ್ಪಿಗೆ ಕೊಡಿ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೇಳುವುದಿಲ್ಲ, ಫೋನ್ ಹಿಡಿದು ಫೋಟೋ ತೆಗೆಯುತ್ತೇವೆ.

ಓದುವ ಗೆಳೆಯರಲ್ಲಿ ಒಂದು ಬೇಡಿಕೆ. ಸಾಮಾನು ಸದ್ಯಕ್ಕೆ ಸಿವಿಲ್ ಬ್ಲಾಕಿನ ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನಲ್ಲಿದೆ. ಬೀಗ ಅಟೆಂಡರ್ ಅಣ್ಣನ ಹತ್ತಿರ ಇದೆ. ಊಟದ ಬಿಡುವಿನಲ್ಲಿ ಹೋಗಿ ಕೇಳಿದರೆ ತೆಗೆದುಕೊಡುತ್ತಾರೆ, ನಾವು ಮಾತಾಡಿದ್ದೇವೆ. ಡಬ್ಬಿಯ ಮೇಲಿನಿಂದ ಮೂರನೇ ಸ್ಲೈಡ್ ಇಟ್ಟು ಒಮ್ಮೆ ನೋಡಿ. ನೋಡಿದ ಮೇಲೂ ಗುಜರಿಗೇ ಹೋಗಲಿ ಅನ್ನಿಸಿದರೆ ಬಂದು ನಮ್ಮ ಜೊತೆ ಜಗಳ ಆಡಿ. ಇಲ್ಲವಾದರೆ ಪ್ರಿನ್ಸಿಪಾಲರಿಗೆ ಕೊಡುವ ಮನವಿಗೆ ಒಂದು ಸಹಿ ಹಾಕಿ. ಮನವಿ ಸಂಘದ ನೋಟಿಸ್ ಬೋರ್ಡಿನ ಪಕ್ಕದ ಮೇಜಿನ ಮೇಲಿದೆ, ಪೆನ್ನು ಮಾತ್ರ ನೀವೇ ತನ್ನಿ.